ತೊಗರಿ ಕಟ್ಟಿಗೆಯಿಂದ ಬಯೋಚಾರ್: ಹೊಲಕ್ಕೆ ಹಾಕುವ ಮೊದಲು ನಾನು ನೋಡಿದ್ದು

ನಮ್ಮದು ಆಳಂದ ತಾಲ್ಲೂಕಿನ ಎರೆ ಹೊಲ. ತೊಗರಿ ರಾಶಿ ಮುಗಿದ ಮೇಲೆ ಒಂದಷ್ಟು ಕಟ್ಟಿಗೆ ಒಲೆಗೆ ಹೋಗುತ್ತದೆ. ಉಳಿದದ್ದನ್ನು ಬದುವಿನ ಮೇಲೆ ಸುಮ್ನೆ ಸುಡುತ್ತಿದ್ದೆವು. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. ಅದಕ್ಕೇ ಬಯೋಚಾರ್, ಅಂದರೆ ಮಣ್ಣಿಗೆ ಬೆರೆಸುವ ಇದ್ದಿಲು, ಮಾಡಲು ಹೊರಟೆ.

ಮೊದಲ ಸಲ ಕೆಟ್ಟಿತು. ಕಟ್ಟಿಗೆ ಹಸಿ ಇತ್ತು. ದಟ್ಟ ಹೊಗೆ ಬಂತು, ಇದ್ದಿಲು ಕೈಗೆ ಜಿಡ್ಡಾಗಿ ಅಂಟಿತು, ಡಾಂಬರಿನ ವಾಸನೆ ಬೇರೆ. ಅದನ್ನು ಹೊಲಕ್ಕೆ ಹಾಕಲಿಲ್ಲ.

ಮತ್ತೆ ಒಂದು ತಿಂಗಳು ಬಿಸಿಲಿಗೆ ಒಣಗಿಸಿದೆ. ಮುರಿದರೆ ಲಟ್ಟನೆ ಮುರಿಯಬೇಕು. ಬಾಯಿ 5 ಅಡಿ ಅಗಲ, ಆಳ 3 ಅಡಿ, ಕೆಳಗೆ ಹೋದಂತೆ ಕಿರಿದಾಗುವ ಗುಂಡಿ ತೋಡಿದೆ. ತಳದಲ್ಲಿ ಬೆಂಕಿ ಹಚ್ಚಿ, ಕಟ್ಟಿಗೆ ಮೇಲೆ ಬಿಳಿ ಬೂದಿ ಕಾಣಿಸಿದ ಕೂಡಲೇ ಇನ್ನೊಂದು ಪದರ ಹಾಕುತ್ತಾ ಬಂದೆ. ಮೇಲಿನ ಉರಿಯೇ ಗಾಳಿಯನ್ನೆಲ್ಲ ಎಳೆದುಕೊಳ್ಳುತ್ತದೆ. ಕೆಳಗೆ ಗಾಳಿ ಸಿಗದ ಇದ್ದಿಲು ಬೂದಿಯಾಗದೆ ಉಳಿಯುತ್ತದೆ. ಗುಂಡಿ ತುಂಬಿದ ಮೇಲೆ ತಡ ಮಾಡಬಾರದು, ನೀರು ಹೊಯ್ಯಬೇಕು. ನನಗೆ 2 ಡ್ರಮ್ ಹಿಡಿಯಿತು. 1 ಕ್ವಿಂಟಲ್ ಕಟ್ಟಿಗೆಗೆ ಒಣ ಇದ್ದಿಲು ಸಿಕ್ಕಿದ್ದು 21 ಕೆಜಿ.

"ಇದ್ದಲಿ ಹಾಕಿದ್ರ ಏನ್ ಬೆಳೀತದೋ ತಮ್ಮಾ?" ಅಂದರು ಕಾಕಾ. ಕೇಳಿದ್ದು ಸರಿಯೇ ಇತ್ತು. ಹಾಗಾಗಿ ಪರೀಕ್ಷೆ ಮಾಡಿದೆ.

ಈ ಸಲದ ಇದ್ದಿಲು ಕಲ್ಲಿಗೆ ಬಡಿದರೆ ಟಣ್ ಎನ್ನುತ್ತಿತ್ತು. ಕೈಗೆ ಹತ್ತಿದ ಮಸಿ ಬರೀ ನೀರಿಗೆ ಹೋಯಿತು, ಅಂದರೆ ಜಿಡ್ಡು ಇಲ್ಲ. 10 ಗ್ರಾಂ ಪುಡಿಯನ್ನು 100 ಮಿಲಿ ಡಿಸ್ಟಿಲ್ಡ್ ವಾಟರ್‌ನಲ್ಲಿ 1 ತಾಸು ಅಲುಗಾಡಿಸಿ ಪಿಎಚ್ (ಹುಳಿಯೋ ಕ್ಷಾರವೋ ಎಂಬ ಅಳತೆ, 7 ದಾಟಿದರೆ ಕ್ಷಾರ) ನೋಡಿದೆ: 9.6. ನಮ್ಮ ಮಣ್ಣಿನದು ಮೊದಲೇ 8.3. ಇಲ್ಲೇ ನಾನು ನಿಂತು ಯೋಚಿಸಿದ್ದು. ಹುಳಿ ಮಣ್ಣಿಗೆ ಇಂಥ ಇದ್ದಿಲು ಸುಣ್ಣದ ಕೆಲಸ ಮಾಡುತ್ತದೆ. ನಮ್ಮ ಎರೆಗೆ ಸುಣ್ಣ ಏನೂ ಕಡಿಮೆ ಇಲ್ಲ, ಅಲ್ವಾ? ಜಾಸ್ತಿ ಸುರಿದರೆ ಸತುವು, ಕಬ್ಬಿಣ ಬೇರಿಗೆ ಸಿಗುವುದು ಇನ್ನೂ ಕಷ್ಟವಾಗುತ್ತದೆ.

ಹೊಸ ಇದ್ದಿಲು ಸಾರಜನಕವನ್ನೂ ತಾನೇ ಹಿಡಿದಿಟ್ಟುಕೊಳ್ಳಬಹುದು. ಅದಕ್ಕೆ 1 ಬುಟ್ಟಿ ಇದ್ದಿಲಿಗೆ 4 ಬುಟ್ಟಿ ತಿಪ್ಪೆಗೊಬ್ಬರ ಬೆರೆಸಿ, ಸಗಣಿ-ಗಂಜಲದ ನೀರು ಚಿಮುಕಿಸಿ 3 ವಾರ ನೆರಳಲ್ಲಿಟ್ಟೆ.

ಆಮೇಲೆ 3 ಡಬ್ಬಿಯಲ್ಲಿ ಹೆಸರು ಕಾಳು ಹಾಕಿದೆ. ಬರೀ ಮಣ್ಣಿನಲ್ಲೂ ಗೊಬ್ಬರ ಬೆರೆಸಿದ ಇದ್ದಿಲಿನಲ್ಲೂ ಮೊಳಕೆ ಚೆನ್ನಾಗಿ ಬಂತು. ಗೊಬ್ಬರ ಬೆರೆಸದ ಬರೀ ಇದ್ದಿಲು ಹಾಕಿದ ಡಬ್ಬಿಯ ಸಸಿಗಳು 2 ವಾರಕ್ಕೆ ಹಳದಿಯಾದವು.

ಈ ಮುಂಗಾರಿಗೆ 4 ಸಾಲು ತೊಗರಿಗೆ ಮಾತ್ರ ಹಾಕಿದ್ದೇನೆ. ಪಕ್ಕದ 4 ಸಾಲಿಗೆ ಬರೀ ತಿಪ್ಪೆಗೊಬ್ಬರ. ಎರಡರ ನಡುವೆ ಗೂಟ ನೆಟ್ಟಿದ್ದೇನೆ. ರಾಶಿಯ ದಿನ ಕಾಕಾ ಎದುರೇ ಬೇರೆ ಬೇರೆ ತೂಗುತ್ತೇನೆ.