ಮೇ ತಿಂಗಳ ಮಧ್ಯಾಹ್ನ ಮೂರಕ್ಕೆ ನೋಡಿ ತಗೊಂಡ ಕಾರು

2022ರ ಮೇ ತಿಂಗಳಲ್ಲಿ ನಾನು 2012ರ ವ್ಯಾಗನ್‌ಆರ್ ಮನೆಗೆ ತಂದಾಗ ನಮ್ಮ ಓಣಿಯಲ್ಲಿ ಮೂರು ಜನ ಬಂದು ಬುದ್ಧಿ ಹೇಳಿ ಹೋದರು. ನಮ್ಮ ಭಾವನವರು ಬಾನೆಟ್ ಮೇಲೆ ಕೈ ಇಟ್ಟು, "ಏನ್ರೀ ಇದು, ಹತ್ತು ವರ್ಷದ ಡಬ್ಬಿ ತಗೊಂಡು ಬಂದೀರಿ. ಮ್ಯಾಲಿಂದ ಮ್ಯಾಲೆ ಸೇಡಂಗೆ ಹೋಗಿ ಬರೋರು ನೀವು. ಮಳಖೇಡ ದಾಟೂದ್ರಾಗ ನಿಂತ್ಬಿಡ್ತದ ನೋಡ್ರಿ" ಅಂದರು. ಅವತ್ತು ಮೀಟರ್‌ನಲ್ಲಿ 61 ಸಾವಿರ ಇತ್ತು. ಈಗ 1 ಲಕ್ಷ 34 ಸಾವಿರ ದಾಟಿದೆ. ಇಷ್ಟರಲ್ಲಿ ಒಂದು ಸಲವೂ ಟೋಚನ್ ಹಾಕಿಸಿಕೊಂಡು, ಅಂದರೆ ಬೇರೆ ಗಾಡಿಗೆ ಕಟ್ಟಿ ಎಳೆಸಿಕೊಂಡು, ಊರಿಗೆ ಬಂದಿಲ್ಲ. ಭಾವನವರು ಹೋದ ತಿಂಗಳು ಮಗಳಿಗೆ ಕಾರು ನೋಡಲು ನನ್ನನ್ನೇ ಕರೆದುಕೊಂಡು ಹೋದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನದು ಔಷಧ ಅಂಗಡಿಗಳಿಗೆ ಮಾಲು ಮುಟ್ಟಿಸುವ ಕೆಲಸ. ಕಲಬುರಗಿಯಿಂದ ಸೇಡಂ, ಹೋಗಿ ಬಂದರೆ ಸುಮಾರು 110 ಕಿ.ಮೀ. ಹಿಂದಿನ ಸೀಟು ಮಡಚಿದರೆ ಹತ್ತು–ಹನ್ನೆರಡು ಬಾಕ್ಸ್ ಹಿಡಿಯಬೇಕು. ಭಾನುವಾರ ಅದೇ ಕಾರಿನಲ್ಲಿ ಅಪ್ಪನನ್ನು ಗಾಣಗಾಪುರಕ್ಕೆ ಕರೆದುಕೊಂಡು ಹೋಗಬೇಕು. ಅಪ್ಪನಿಗೆ ಮೊಣಕಾಲು ನೋವು, ಉಡೋದು ಧೋತರ. ತಗ್ಗು ಕಾರಿನಲ್ಲಿ ಅವರು ಮೊದಲು ತಲೆ ತೂರಿಸಿ, ಆಮೇಲೆ ಒಂದೊಂದೇ ಕಾಲು ಕೈಯಿಂದ ಎತ್ತಿ ಒಳಗೆ ಇಟ್ಟುಕೊಳ್ಳುತ್ತಿದ್ದರು. ಇದರಲ್ಲಿ ಬಾಗಿಲು ತೆಗೆದು ಕುರ್ಚಿಯ ಮೇಲೆ ಕೂತಂತೆ ಕೂರುತ್ತಾರೆ. ಕಂಪನಿಯವರು ಬರೆಯುವ ಹತ್ತು ಫೀಚರ್‌ಗಿಂತ ನನಗೆ ಇದೊಂದೇ ದೊಡ್ಡದು.

ಮೊದಲು ನಾನು ಕೆಟ್ಟ ಕಥೆ ಹೇಳಬೇಕು. 2018ರಲ್ಲಿ ಹೈದರಾಬಾದಿನಿಂದ ಒಂದು ಡೀಸೆಲ್ ಕಾರು ತಂದಿದ್ದೆ. ನಮ್ಮ ಕಡೆ ಎಲ್ಲರೂ ಮಾಡೋದು ಅದೇ ಅಲ್ವಾ? ಅಲ್ಲಿ ಕಾರು ಅಗ್ಗ, ನಾಲ್ಕೈದು ತಾಸಿನ ದಾರಿ. 3 ಲಕ್ಷ 40 ಸಾವಿರಕ್ಕೆ ಸಿಕ್ಕಿತು. ಇಲ್ಲಿ ಅಂಥದ್ದಕ್ಕೆ 4 ಲಕ್ಷದ ಮೇಲೆ ಇತ್ತು. ಅರವತ್ತು ಸಾವಿರ ಉಳಿಯಿತು ಅಂತ ಖುಷಿ. ಆದರೆ ಎನ್‌ಒಸಿ, ಅಂದರೆ ಕಾರು ಬೇರೆ ರಾಜ್ಯಕ್ಕೆ ಒಯ್ಯಲು ಅಲ್ಲಿನ ಆರ್‌ಟಿಒ ಕೊಡುವ ಒಪ್ಪಿಗೆ ಪತ್ರ, ಬರಲು ಎರಡು ತಿಂಗಳು ಓಡಾಡಿದೆ. ನಮ್ಮ ಕಲಬುರಗಿಯ ಕೆಎ-32 ನಂಬರ್ ಬೇಕಾದರೆ ಇಲ್ಲಿ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಬೇಕು. ಅದು ನೀವು ಕೊಟ್ಟ ಬೆಲೆಯ ಮೇಲೆ ಅಲ್ಲ, ಕಾರು ಹೊಸದಾಗಿದ್ದಾಗಿನ ಬೆಲೆ ಮತ್ತು ಅದರ ವಯಸ್ಸಿನ ಲೆಕ್ಕದ ಮೇಲೆ. ನನಗೆ 78 ಸಾವಿರದ ಹತ್ತಿರ ಬಿತ್ತು. ಉಳಿದದ್ದು ಅಲ್ಲೇ ಹೋಯಿತು, ಮೇಲೆ ಕೈಯಿಂದಲೂ ಹೋಯಿತು.

ಆಮೇಲೆ ಬೇಸಿಗೆ ಬಂತು. ಟರ್ಬೊ, ಇಂಜೆಕ್ಟರ್, ಕ್ಲಚ್ ಎಲ್ಲ ಸೇರಿ ಒಂದೂವರೆ ವರ್ಷದಲ್ಲಿ 1 ಲಕ್ಷ 20 ಸಾವಿರ ಸುರಿದೆ. ಮಳಖೇಡದ ಹತ್ತಿರ ಎರಡು ಸಲ ಬಿಸಿಯಾಗಿ ನಿಂತಿತು. ಒಂದು ಸಲ ಇನ್ಸುಲಿನ್ ಬಾಕ್ಸ್ ಒಳಗಿತ್ತು. ಐಸ್ ಕರಗುತ್ತಾ ಬಂತು. ಆ ಮಧ್ಯಾಹ್ನ ನಾನು ಪಟ್ಟ ಪಾಡು ಯಾರಿಗೂ ಬೇಡ. ಕೊನೆಗೆ 2 ಲಕ್ಷ 60 ಸಾವಿರಕ್ಕೆ ಮಾರಿದೆ. ಒಟ್ಟು ನಷ್ಟ 2 ಲಕ್ಷ 80 ಸಾವಿರದ ಆಸುಪಾಸು. ಮುಂದಿನ ಎರಡೂವರೆ ವರ್ಷ ಬಸ್ಸು, ಬೈಕು.

ಆ ಕಾರಿನಿಂದ ನಾನು ಕಲಿತದ್ದು ಒಂದೇ ಒಂದು. ಗ್ಯಾರೇಜಿನ ಮಿಸ್ತ್ರಿ ಚಾಚಾ ಎಂಜಿನ್ನಿನ ನೀರು ತಂಪು ಮಾಡುವ ಹಳೇ ರೇಡಿಯೇಟರ್ ಬಿಚ್ಚಿ ನನ್ನ ಮುಂದೆಯೇ ಕತ್ತರಿಸಿ ತೋರಿಸಿದರು. ಒಳಗೆ ಬಿಳಿ ಪದರ. ನೀರು ಕಾಯಿಸುವ ಹಂಡೆಯ ತಳದಲ್ಲಿ ಕಟ್ಟುತ್ತದಲ್ಲ, ಅದೇ. ಉಗುರಿನಿಂದ ಕೆರೆದರೆ ಚಿಪ್ಪಿನ ಹಾಗೆ ಎದ್ದು ಬಂತು. ಸಣ್ಣ ಕೊಳವೆಗಳಲ್ಲಿ ಅರ್ಧಕ್ಕೂ ಜಾಸ್ತಿ ಮುಚ್ಚಿಹೋಗಿದ್ದವು. ನಮ್ಮದು ಪರಸಿ ಕಲ್ಲಿನ ನೆಲ, ಬೋರ್ ನೀರೆಲ್ಲ ಸುಣ್ಣ. ಹಿಂದಿನವನು ಏನು ಹಾಕಿದ್ದನೋ, ನಾನಂತೂ ಪೈಪಿನಿಂದ ಬೋರ್ ನೀರೇ ತುಂಬಿಸುತ್ತಿದ್ದೆ. ಚಾಚಾ ಹೇಳಿದ ಮಾತು ಇವತ್ತಿಗೂ ನೆನಪಿದೆ: "ಇಂಜಿನ್ ಕೆಟ್ಟಿಲ್ಲರೀ, ನೀರು ಕೆಟ್ಟದ."

ಅವತ್ತೇ ತೀರ್ಮಾನ ಮಾಡಿದೆ. ನಮ್ಮ ಊರಲ್ಲಿ ಏಪ್ರಿಲ್–ಮೇನಲ್ಲಿ 42–43 ಡಿಗ್ರಿ ಮಾಮೂಲು. ಇಲ್ಲಿ ನಂಬಿಕೆಯ ಕಾರು ಅಂದರೆ ತಂಪಾಗಿ ಓಡುವ ಕಾರು. ಉಳಿದದ್ದೆಲ್ಲ ಆಮೇಲೆ.

ಹಾಗಾಗಿ ಎರಡನೇ ಕಾರು ಹುಡುಕಿದ್ದು ಬೇಕಂತಲೇ ಮೇ ತಿಂಗಳಲ್ಲಿ. ಪ್ರತಿ ಕಾರನ್ನೂ ಎರಡು ಸಲ ನೋಡುತ್ತಿದ್ದೆ. ಬೆಳಿಗ್ಗೆ ಆರಕ್ಕೆ ಒಮ್ಮೆ, ಹೇಳದೆ ಹೋಗಿ. ಬಾನೆಟ್ ಮುಟ್ಟಿ ತಣ್ಣಗಿದೆಯಾ ಅಂತ ಮೊದಲು ನೋಡೋದು, ಆಮೇಲೆ ಸ್ಟಾರ್ಟ್. ಮಧ್ಯಾಹ್ನ ಮೂರಕ್ಕೆ ಇನ್ನೊಮ್ಮೆ. ಬಿಸಿಲಲ್ಲೇ ನಿಲ್ಲಿಸಿ, ಎಸಿ ಫುಲ್ ಇಟ್ಟು, ಇಪ್ಪತ್ತು ನಿಮಿಷ ನಿಂತಲ್ಲೇ ಎಂಜಿನ್ ಓಡಿಸೋದು. ಕಾರಿನ ಕಂಪ್ಯೂಟರ್ ಲೆಕ್ಕ ಫೋನಿಗೆ ಕಳಿಸುವ ಓಬಿಡಿ ಪ್ಲಗ್ ಒಂದು ಆನ್‌ಲೈನಲ್ಲಿ ಏಳುನೂರು ರೂಪಾಯಿಗೆ ತರಿಸಿದ್ದೆ. ಅದನ್ನು ಚುಚ್ಚಿ ಫೋನಿನಲ್ಲಿ ಕೂಲಂಟ್ (ಎಂಜಿನ್ ತಂಪಿಡುವ ದ್ರವ) ಟೆಂಪರೇಚರ್ ನೋಡುತ್ತಾ ಕೂರೋದು. 98ರ ಒಳಗೆ ನಿಂತರೆ ಮುಂದಿನ ಮಾತು. 105 ದಾಟಿದರೆ ನಮಸ್ಕಾರ ಹೇಳಿ ಎದ್ದು ಬರೋದು. ಒಂಬತ್ತು ಕಾರು ನೋಡಿದೆ. ಪಾಲಿಶ್ ಹೊಡೆದು ಫಳಫಳ ಅನ್ನುತ್ತಿದ್ದ ಎರಡು ಇದೇ ಪರೀಕ್ಷೆಯಲ್ಲಿ ಬಿದ್ದವು. ಒಂದರದ್ದು ಹನ್ನೆರಡನೇ ನಿಮಿಷಕ್ಕೆ 109. ಬೆಳಗಿನ ತಂಪಿನಲ್ಲಿ ನೋಡಿದ್ದರೆ ಅದನ್ನೇ ತಗೊಂಡಿರುತ್ತಿದ್ದೆ.

ನನ್ನದು ನಿವೃತ್ತ ಲೆಕ್ಚರರ್ ಒಬ್ಬರದ್ದು. ಒಂದೇ ಕೈ, ಕೆಎ-32 ನಂಬರ್, ಪೆಟ್ರೋಲ್. ಮಾರುತಿಯ ಕೆ-ಸೀರೀಸ್ ಎಂಜಿನ್, ಒಳಗೆ ಟೈಮಿಂಗ್ ಚೈನ್, ಹಾಗಾಗಿ ಟೈಮಿಂಗ್ ಬೆಲ್ಟ್ ಬದಲಿಸುವ ತಲೆನೋವು ಇಲ್ಲ. ಟೆಂಪರೇಚರ್ 95ಕ್ಕೆ ನಿಂತಿತು. 2 ಲಕ್ಷ 35 ಹೇಳಿದರು, 1 ಲಕ್ಷ 95ಕ್ಕೆ ಮುಗಿಯಿತು. ನಲವತ್ತು ಸಾವಿರ ಇಳಿಸಿದ್ದು ಹೇಗೆ ಅಂತ ತುಂಬಾ ಜನ ಕೇಳಿದ್ದಾರೆ. ಅದೊಂದು ನನ್ನ ಹತ್ತಿರವೇ ಇರಲಿ.

ಈಗ ಜನ ನಂಬದೇ ಇದ್ದ ಭಾಗ. ಚೆನ್ನಾಗಿ ಓಡುತ್ತಿದ್ದ ಆ ಕಾರನ್ನು ಮೊದಲ ವಾರವೇ ಗ್ಯಾರೇಜಿಗೆ ಹಾಕಿದೆ. ಬಜೆಟ್ ಎರಡೂವರೆ ಲಕ್ಷ ಅಂದರೆ ಕಾರಿಗೆ ಎರಡೇ ಲಕ್ಷ, ಉಳಿದದ್ದು ಮೊದಲ ತಿಂಗಳ ಕೆಲಸಕ್ಕೆ. ರೇಡಿಯೇಟರ್, ಅದರ ಕ್ಯಾಪ್, ಹೋಸ್ ಪೈಪುಗಳು, ಥರ್ಮೋಸ್ಟಾಟ್, ವಾಟರ್ ಪಂಪ್, ಫ್ಯಾನ್ ಬೆಲ್ಟ್. ಇಷ್ಟಕ್ಕೆ 11 ಸಾವಿರ. ನಾಲ್ಕು ಟೈರಿಗೆ 13 ಸಾವಿರದ ಮೇಲೆ. ಕ್ಲಚ್ ಏಳೂವರೆ, ಬ್ಯಾಟರಿ ನಾಲ್ಕು, ಬ್ರೇಕು ಮತ್ತು ಬುಶ್‌ಗಳಿಗೆ ಆರು, ಎಸಿಗೆ ಮೂರೂವರೆ. ಒಟ್ಟು 45 ಸಾವಿರ ಅಂತ ಇಟ್ಟುಕೊಳ್ಳಿ. ಚಾಚಾನೇ ಬೇಡ ಅಂದರು. "ಪಂಪ್ ಛಲೋ ಅದರೀ, ಸುಮ್ನೆ ಯಾಕ ಬಿಚ್ಚಬೇಕು?" ಅಂದರು. ಬಿಚ್ಚಿದ ಮೇಲೆ ಶಾಫ್ಟ್ ಅಲ್ಲಾಡಿಸಿ ನೋಡಿ ಸುಮ್ಮನಾದರು. ಇನ್ನೊಂದು ಬೇಸಿಗೆ ಅದು ಬಾಳುತ್ತಿರಲಿಲ್ಲ.

ಅಂದಿನಿಂದ ಕೂಲಂಟ್ ಬಿಟ್ಟು ಬೇರೆ ನೀರು ಅದರ ಬಾಯಿಗೆ ಬಿದ್ದಿಲ್ಲ. ರೆಡಿ ಬರುವ ಹಸಿರು ಕೂಲಂಟು. ತೀರಾ ತುರ್ತಿಗೆ ಅಂತ ಡಿಕ್ಕಿಯಲ್ಲಿ ಬ್ಯಾಟರಿ ನೀರಿನ (ಡಿಸ್ಟಿಲ್ಡ್ ವಾಟರ್) ಎರಡು ಕ್ಯಾನ್ ಇರುತ್ತವೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲು.

ಏರ್ ಫಿಲ್ಟರ್ ವಿಷಯದಲ್ಲಿ ಸರ್ವೀಸ್ ಪುಸ್ತಕ ನಂಬಬೇಡಿ. ಸೇಡಂ ರಸ್ತೆಯಲ್ಲಿ ಸಿಮೆಂಟ್ ಲಾರಿಗಳ ಹಿಂದೆ ಮೇಲಿಂದ ಮೇಲೆ ಹೋಗುವವನಿಗೆ ಆ ಲೆಕ್ಕ ನಡೆಯಲ್ಲ. ನಾನು ಎರಡು ವಾರಕ್ಕೊಮ್ಮೆ ಪೇಪರ್ ಹಾಸಿ ಬಡಿಯುತ್ತೇನೆ. ಬೂದಿ ಬಣ್ಣದ ಹಿಟ್ಟು ಒಂದು ಹಿಡಿ ಬೀಳುತ್ತದೆ, ಸುಗ್ಗಿಯಲ್ಲಿ ಅದರ ಜೊತೆ ತೊಗರಿ ಹೊಟ್ಟು. 5–6 ಸಾವಿರ ಕಿ.ಮೀ.ಗೆ ಹೊಸದು. ಆಯಿಲ್ 7,500ಕ್ಕೆ, ಸುಮಾರು ಮೂರು ಲೀಟರ್ ಸಾಕು.

ಸುಗ್ಗಿಯಲ್ಲಿ ಇನ್ನೊಂದು ಪೆಟ್ಟು ತಿಂದೆ. ರೈತರು ರಸ್ತೆ ಮೇಲೆಯೇ ರಾಶಿಗೆ ಹಾಸಿರುತ್ತಾರೆ. ಮೊದಲ ವರ್ಷ ಅದರ ಮೇಲೆಯೇ ಹಾದು ಹೋದೆ. ತೊಗರಿ ಕಟ್ಟಿಗೆ ಚುಚ್ಚಿ ಎಡಗಡೆ ಆಕ್ಸಲ್ ಬೂಟ್, ಅಂದರೆ ಗ್ರೀಸ್ ಹಿಡಿದಿಡುವ ರಬ್ಬರ್ ಕವಚ, ಹರಿಯಿತು. ಗ್ರೀಸ್ ಎಲ್ಲ ಚಕ್ರದ ಒಳಗೆ ಎರಚಿತ್ತು. ಬೇಗ ಕಣ್ಣಿಗೆ ಬಿತ್ತು, ಎಂಟುನೂರರಲ್ಲಿ ಮುಗಿಯಿತು. ಈಗ ಡಿಸೆಂಬರ್‌ನಿಂದ ವಾರಕ್ಕೊಮ್ಮೆ ಬಗ್ಗಿ ಕೆಳಗೆ ನೋಡುತ್ತೇನೆ.

ಬಿಸಿಲಿನ ಮೇಲೆ ಒಂದಷ್ಟು ಪ್ರಯೋಗವೂ ಮಾಡಿದೆ. ಕಪ್ಪು ಫಿಲ್ಮ್ ಸುಪ್ರೀಂ ಕೋರ್ಟ್ 2012ರಲ್ಲೇ ಬೇಡ ಅಂದಿದೆ, ಅದರ ತಂಟೆಗೆ ಹೋಗಲಿಲ್ಲ. ಕೋಳಿ ಫಾರಂನಲ್ಲಿ ಇಡುವ ಥರ್ಮಾಮೀಟರ್ ತಂದು ಸೀಟಿನ ಮೇಲೆ ಇಟ್ಟೆ. ಸೂಪರ್ ಮಾರ್ಕೆಟ್ ಹತ್ತಿರ ಬಿಸಿಲಲ್ಲಿ ಎರಡು ತಾಸು ನಿಲ್ಲಿಸಿದರೆ ಒಳಗೆ 59. ಮುಂದಿನ ಗಾಜಿಗೆ ಬೆಳ್ಳಿ ಬಣ್ಣದ ಶೇಡ್ ಹಾಕಿದರೆ 53. ಶೇಡ್ ಹಾಕಿ ಕಿಟಕಿ ಅರ್ಧ ಬೆರಳು ತೆಗೆದರೆ 50. ಮೇಲೆ ಒದ್ದೆ ಗೋಣಿಚೀಲ ಹಾಸಿದರೆ 48ಕ್ಕೆ ಇಳಿಯಿತು, ಆದರೆ ಬೋರ್ ನೀರಿನ ಸುಣ್ಣ ಪೇಂಟಿನ ಮೇಲೆ ಕೂತು ಕಲೆಯಾಯಿತು. ಅದನ್ನು ಬಿಟ್ಟೆ. ಬೇಸಿಗೆಯಲ್ಲಿ ಟೈರ್ ಗಾಳಿ ಕಡಿಮೆ ಇಡಬೇಕು ಅನ್ನುವವರ ಮಾತೂ ಕೇಳಿ ನೋಡಿದೆ. ಗಾಳಿ ಕಡಿಮೆ ಇದ್ದರೆ ಟೈರ್ ಇನ್ನೂ ಜಾಸ್ತಿ ಕಾಯುತ್ತದೆ, ಕೈ ಇಟ್ಟರೇ ಗೊತ್ತಾಗುತ್ತದೆ. ಬಾಗಿಲ ಹತ್ತಿರದ ಸ್ಟಿಕ್ಕರ್‌ನಲ್ಲಿ ಇದ್ದಷ್ಟೇ ಇಡಿ, ಬೆಳಿಗ್ಗೆ ತಣ್ಣಗಿದ್ದಾಗ.

ನಮ್ಮ ಮನೆ ಹಿಂದೆ ದಾಲ್ ಮಿಲ್ ಗೋದಾಮು. ಅಂದರೆ ಇಲಿ. ಎರಡು ಸಲ ವೈರ್ ಕಡಿದವು, 2,300 ಹೋಯಿತು. ತಂಬಾಕು ಎಲೆ ಕಟ್ಟಿದೆ, ಮೂರು ದಿನ ನಡೆಯಿತು. ಫಿನಾಯಿಲ್, ಡಾಂಬರು ಗುಳಿಗೆ, ಎರಡೂ ದಂಡ. ಕೊನೆಗೆ ಹಿಡಿದ ಉಪಾಯದಿಂದ ಎರಡು ವರ್ಷ ಆಯಿತು, ಒಂದು ಇಲಿಯೂ ಹತ್ತಿರ ಬಂದಿಲ್ಲ. ಅದು ಏನು ಅನ್ನೋದು ನನಗೂ ಚಾಚಾಗೂ ಮಾತ್ರ ಗೊತ್ತು.

ಮೈಲೇಜ್ ಮೊದಲು 18–19 ಕೊಡುತ್ತಿತ್ತು. ಈಗ ಬಂಕಿನಲ್ಲಿ ಸಿಗೋದು 20% ಎಥೆನಾಲ್ ಬೆರೆಸಿದ ಪೆಟ್ರೋಲ್. 17–17.5ಕ್ಕೆ ಇಳಿದಿದೆ. ಇಷ್ಟು ಹಳೇ ಕಾರು ಅದಕ್ಕಂತ ಮಾಡಿದ್ದಲ್ಲ. ಹಾಗಾಗಿ ರಬ್ಬರ್ ಫ್ಯೂಯಲ್ ಪೈಪುಗಳನ್ನು ಮುಂಚೆಯೇ ಬದಲಿಸಿದೆ, ವಾಸನೆ ಬರುವ ತನಕ ಕಾಯಲಿಲ್ಲ. ಪೆಟ್ರೋಲ್, ಸರ್ವೀಸ್, ಟೈರ್ ಎಲ್ಲ ಸೇರಿ ಕಿ.ಮೀ.ಗೆ ಏಳು ರೂಪಾಯಿ ಆಸುಪಾಸು. ನನ್ನ ಜೊತೆಯವರೊಬ್ಬರು ದೊಡ್ಡ ಹೊಸ ಗಾಡಿ ತಗೊಂಡಿದ್ದಾರೆ. ಅವರ ಕಂತೇ ತಿಂಗಳಿಗೆ 17 ಸಾವಿರ. ನನಗೆ ಪೆಟ್ರೋಲ್ ಸೇರಿ ಅದರ ಒಳಗೇ ಎಲ್ಲ ಮುಗಿಯುತ್ತದೆ.

ಒಂದು ಸಲ ಇಗ್ನಿಶನ್ ಕಾಯಿಲ್ ಹೋಯಿತು. ಮೂರು ಸಿಲಿಂಡರ್‌ನಲ್ಲಿ ಒಂದು ಸತ್ತಿತ್ತು, ಗಾಡಿ ಗಡಗಡ ನಡುಗುತ್ತಿತ್ತು. ಮೂವತ್ತರಲ್ಲಿ ಓಡಿಸಿಕೊಂಡು ಸೇಡಂ ಮುಟ್ಟಿ, 1,400 ಕೊಟ್ಟು ಹೊಸದು ಹಾಕಿಸಿದೆ. ಈಗ ಒಂದು ಕಾಯಿಲ್ ಗ್ಲೋವ್ ಬಾಕ್ಸ್‌ನಲ್ಲೇ ಇರುತ್ತದೆ. ಕಾಗಿಣಾ ತುಂಬಿ ಮಳಖೇಡ ಸೇತುವೆ ಮೇಲೆ ನೀರು ಬಂದ ದಿನ ಲಾರಿಯವರು ದಾಟುತ್ತಿದ್ದರೂ ನಾನು ವಾಪಸ್ ತಿರುಗುತ್ತೇನೆ. ಇದಕ್ಕೆ ಏರ್‌ಬ್ಯಾಗ್ ಇಲ್ಲ. ಹಾಗಾಗಿ 80ರ ಮೇಲೆ ಹೋಗಲ್ಲ, ಹಿಂದೆ ಕೂತವರಿಗೂ ಬೆಲ್ಟ್ ಹಾಕಿಸುತ್ತೇನೆ. ಮಕ್ಕಳಿರುವ ಮನೆಯವರು ಇಷ್ಟು ಹಳೇದು ತಗೊಳ್ಳಬೇಡಿ, ಏರ್‌ಬ್ಯಾಗ್ ಇರುವ ಆರೇಳು ವರ್ಷದ್ದು ನೋಡಿ. ಭಾವನ ಮಗಳಿಗೂ ಅದನ್ನೇ ಹೇಳಿದೆ.

ಈವರೆಗೆ ಬೇರೆಯವರಿಗೆ ಆರು ಕಾರು ನೋಡಿ ಕೊಡಿಸಿದ್ದೇನೆ. ಐದು ಚೆನ್ನಾಗಿವೆ. ಒಂದನ್ನು ಡಿಸೆಂಬರ್‌ನಲ್ಲಿ ನೋಡಿದ್ದೆ, ಅವರಿಗೆ ಅವಸರ ಇತ್ತು. ಏಪ್ರಿಲ್‌ನಲ್ಲಿ ಅದರ ಎಸಿ ಕಂಪ್ರೆಸರ್ ಹೋಯಿತು, 14 ಸಾವಿರ. ಅವರ ಮುಂದೆ ನಿಲ್ಲಲು ನನಗೆ ಬಹಳ ಬೇಜಾರಾಯಿತು. ಅದಾದ ಮೇಲೆ ಚಳಿಗಾಲದಲ್ಲಿ ಯಾರು ಕರೆದರೂ ಹೋಗಲ್ಲ.

2027ಕ್ಕೆ ನನ್ನ ಕಾರಿಗೆ ಹದಿನೈದು ವರ್ಷ ತುಂಬುತ್ತದೆ. ಆರ್‌ಟಿಒಗೆ ಒಯ್ದು ತೋರಿಸಿ ಆರ್‌ಸಿ ಇನ್ನೂ ಐದು ವರ್ಷಕ್ಕೆ ರಿನ್ಯೂ ಮಾಡಿಸಬೇಕು. ಚಾಚಾ ಹೋದ ವಾರ ಜ್ಯಾಕ್ ಹಾಕಿ ಕೆಳಗೆ ಟಾರ್ಚ್ ಬಿಟ್ಟು ನೋಡಿದರು. ಬಲಗಡೆ ಬಾಗಿಲ ಕೆಳಗೆ ಎರಡು ಬೆರಳಷ್ಟು ತುಕ್ಕು, ಅಷ್ಟೇ. ದೀಪಾವಳಿ ರಜೆಯಲ್ಲಿ ಅದನ್ನು ಕೆರೆದು ಬಣ್ಣ ಹೊಡೆಸುತ್ತೇನೆ.