ಒಂದೇ ಟೈಲ್ ಎತ್ತಿ ಮೋಟರ್‌ಹೋಮ್‌ನ ಬಿಸಿನೆಲ ಸರಿಪಡಿಸಿದ ನನ್ನ ಅನುಭವ

ಬಿಸಿನೆಲ (ಟೈಲ್ ಅಡಿಯ ಹೀಟಿಂಗ್ ಕೇಬಲ್‌ನಿಂದ ಬಿಸಿಯಾಗುವ ನೆಲ) ಕೆಟ್ಟರೆ ಟೈಲ್‌ಗಳನ್ನೆಲ್ಲ ಕಿತ್ತು ಹೊಸ ಕೇಬಲ್ ಹಾಸುವುದೊಂದೇ ದಾರಿ ಎಂದು ನನಗೆ ಹೇಳದವರಿಲ್ಲ. ಸರ್ವೀಸ್ ಕೇಂದ್ರದವರು ಹೇಳಿದರು, ಮನೆಗಳಲ್ಲಿ ಇದೇ ಕೆಲಸ ಮಾಡುವ ಎಲೆಕ್ಟ್ರಿಷಿಯನ್ ಹೇಳಿದರು, ನನ್ನಂತೆಯೇ ಮೋಟರ್‌ಹೋಮ್ (ಮನೆಯಂತೆ ವಾಸಿಸಬಹುದಾದ ಗಾಡಿ) ಇಟ್ಟುಕೊಂಡಿರುವ ಗೆಳೆಯರೂ ಹೇಳಿದರು. ಕೆಪ್ಯಾಸಿಟೆನ್ಸ್ (ಕೇಬಲ್ ಎಷ್ಟು ಚಾರ್ಜ್ ಹಿಡಿದಿಡಬಲ್ಲದು ಎಂಬ ಅಳತೆ) ಅಳೆದು ಕೇಬಲ್ ತುಂಡಾದ ಜಾಗ ಹುಡುಕುತ್ತೇನೆ ಎಂದಾಗ ಎಲ್ಲರೂ ನಕ್ಕರು. ಆ ನೆಲ ಈಗ ಎರಡನೆಯ ಚಳಿಗಾಲ ಕಳೆಯುತ್ತಿದೆ, ಟೈಲ್ ಎತ್ತಿದ ಗುರುತು ನಾನು ತೋರಿಸಿದರೆ ಮಾತ್ರ ಕಾಣುತ್ತದೆ.

ನನ್ನದು 230 ವೋಲ್ಟ್‌ನ ಒಂಟಿ ಎಳೆಯ ಕೇಬಲ್. ಹೊರಗೆ ಲೋಹದ ಹೆಣಿಗೆಯ ಕವಚವಿದೆ, ಎರಡೂ ತುದಿಗಳು ಥರ್ಮೋಸ್ಟ್ಯಾಟ್ (ಬಿಸಿಯನ್ನು ನಿಯಂತ್ರಿಸುವ ಸಾಧನ) ಡಬ್ಬಿಗೇ ಮರಳುತ್ತವೆ. ಉದ್ದ ಸುಮಾರು 45 ಮೀಟರ್, 500 ವ್ಯಾಟ್. ಸರಿಯಿದ್ದಾಗ 106 ಓಮ್ ಆಸುಪಾಸು ತೋರಿಸಬೇಕು. 120 ವೋಲ್ಟ್‌ನ ಗಾಡಿಯಾದರೆ ಅಷ್ಟೇ ವ್ಯಾಟ್‌ಗೆ 29 ಓಮ್.

ತೊಂದರೆ ಶುರುವಾದದ್ದು ವಿಚಿತ್ರವಾಗಿ. ಹೊರಗಿನ ಕರೆಂಟಿಗೆ ಜೋಡಿಸಿದರೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಬಂದ್ ಆಗುವ ಸುರಕ್ಷತಾ ಸ್ವಿಚ್) ಟ್ರಿಪ್ ಆಗುತ್ತಿತ್ತು, ಗಾಡಿಯ ಬ್ಯಾಟರಿಯ ಇನ್ವರ್ಟರ್‌ನಲ್ಲಿ ನಡೆಸಿದರೆ ನೆಲ ಚೆನ್ನಾಗಿಯೇ ಬಿಸಿಯಾಗುತ್ತಿತ್ತು. ತಂಗುದಾಣದ ಪ್ಲಗ್ ಸರಿಯಿಲ್ಲ ಎಂದು ಎಲ್ಲರೂ ತೀರ್ಮಾನಿಸುವುದು ಇಲ್ಲಿಯೇ. ವಿಷಯ ಬೇರೆ. ನನ್ನ ಇನ್ವರ್ಟರ್‌ನಲ್ಲಿ ನ್ಯೂಟ್ರಲ್‌ಗೂ ಚಾಸಿಗೂ ಸಂಬಂಧವಿಲ್ಲ. ಸೋರಿದ ಕರೆಂಟ್ ಮರಳಲು ದಾರಿಯಿಲ್ಲದ್ದರಿಂದ ಆರ್‌ಸಿಸಿಬಿಗೆ ಏನೂ ತಿಳಿಯುವುದಿಲ್ಲ. ಹೊರಗಿನ ಸಂಪರ್ಕದಲ್ಲಿ ಮಾತ್ರ ಟ್ರಿಪ್ ಆಗುತ್ತಿದ್ದರೆ ಗಾಡಿಯೊಳಗೇ ಸೋರಿಕೆ ಇದೆಯೆಂದು ಅನುಮಾನಿಸಿ. ಇನ್ವರ್ಟರ್‌ನಲ್ಲಿ ನಡೆಯುತ್ತದಲ್ಲ ಎಂದು ಸುಮ್ಮನೆ ಬಳಸುತ್ತಾ ಹೋಗುವುದು ಅಪಾಯ.

ಥರ್ಮೋಸ್ಟ್ಯಾಟ್ ಬಿಚ್ಚಿಟ್ಟು ಮೆಗ್ಗರ್‌ನಲ್ಲಿ (ಹೊದಿಕೆಯ ಇನ್ಸುಲೇಶನ್ ಅಳೆಯುವ ಮೀಟರ್) 500 ವೋಲ್ಟ್ ಕೊಟ್ಟು ನೋಡಿದೆ. ಸ್ಲೈಡ್-ಔಟ್ (ಜಾಗ ಹೆಚ್ಚಿಸಲು ಗಾಡಿಯಿಂದ ಹೊರಕ್ಕೆ ಜಾರಿಸುವ ಭಾಗ) ಹೊರಗಿದ್ದಾಗ ಹತ್ತಾರು ಮೆಗಾಓಮ್ ಬಂತು, ಒಳಗೆ ಎಳೆದಾಗ ಅರ್ಧ ಮೆಗಾಓಮ್‌ಗೂ ಕಡಿಮೆ. ಸ್ಲೈಡ್-ಔಟ್ ಜೊತೆಗೆ ಮಡಚಿ ಬಿಚ್ಚಿಕೊಳ್ಳುವ ಪ್ಲಾಸ್ಟಿಕ್ ಸರಪಳಿಯೊಳಗೆ ಹೀಟಿಂಗ್ ಕೇಬಲ್‌ಗೆ ಕರೆಂಟ್ ತರುವ, ತಾನು ಬಿಸಿಯಾಗದ ಲೀಡ್ ತಂತಿಯ ಹೊದಿಕೆ ಸವೆದುಹೋಗಿತ್ತು. ದಪ್ಪ ಎಳೆಯ ತಂತಿ ಹಾಕಿದ್ದೇ ಕಾರಣ. ನವಿರಾದ ಎಳೆಗಳ ಸಿಲಿಕೋನ್ ಹೊದಿಕೆಯ ತಂತಿ ಹಾಕಿದ ಮೇಲೆ ಆರ್‌ಸಿಸಿಬಿ ಮತ್ತೆ ಟ್ರಿಪ್ ಆಗಲಿಲ್ಲ. ಸ್ಲೈಡ್-ಔಟ್ ಇರುವವರು ಎರಡೂ ಸ್ಥಿತಿಯಲ್ಲಿ ಅಳೆಯಲೇಬೇಕು. ಒಂದರಲ್ಲಿ ಮಾತ್ರ ಅಳೆದರೆ ಅರ್ಧ ಸತ್ಯವೇ ಸಿಗುತ್ತದೆ.

ಇದಾದ ಕೆಲವು ವಾರಗಳಿಗೆ, ಕೆಟ್ಟ ರಸ್ತೆಯಲ್ಲಿ ದೂರ ಓಡಿಸಿ ಬಂದ ಮೇಲೆ, ನೆಲ ಪೂರ್ತಿ ತಣ್ಣಗಾಯಿತು. ಥರ್ಮೋಸ್ಟ್ಯಾಟ್ ಬಿಸಿ ಕೇಳುತ್ತಿದೆ, ಕರೆಂಟ್ ಹರಿಯುತ್ತಿಲ್ಲ. ನೆಲದ ಸೆನ್ಸರ್ 20 ಡಿಗ್ರಿಯಲ್ಲಿ ಹನ್ನೆರಡೂವರೆ ಕಿಲೋಓಮ್ ತೋರಿಸುತ್ತಿತ್ತು, 25 ಡಿಗ್ರಿಯಲ್ಲಿ 10 ಕಿಲೋಓಮ್ ತೋರಿಸುವ ಸೆನ್ಸರ್‌ಗೆ ಅದು ಸರಿಯಾದ ಲೆಕ್ಕವೇ. ಆದರೂ ಸರ್ವೀಸ್ ಕೇಂದ್ರದವರು ಥರ್ಮೋಸ್ಟ್ಯಾಟ್ ಬದಲಿಸದೆ ಮುಂದಿನ ಪರೀಕ್ಷೆ ಮಾಡುವುದಿಲ್ಲ ಎಂದು ಹಟ ಹಿಡಿದರು. ಆ ಹಣ ಹೋಯಿತು, ನೆಲ ತಣ್ಣಗೇ ಇತ್ತು. ನಂತರ ಅವರು ಕೊಟ್ಟ ಅಂದಾಜುಪಟ್ಟಿಯಲ್ಲಿ ಟೈಲ್ ಕೀಳುವ ಕೂಲಿಯೇ ಹೊಸ ಕೇಬಲ್‌ನ ಬೆಲೆಯ ನಾಲ್ಕೈದು ಪಟ್ಟು. ಶಾಖವನ್ನು ಚಿತ್ರವಾಗಿ ತೋರಿಸುವ ಥರ್ಮಲ್ ಕ್ಯಾಮೆರಾ ಬಾಡಿಗೆಗೆ ತರಿಸಿ ನೋಡಿ ಎಂಬ ಸಲಹೆಯೂ ಬಂತು. ಕರೆಂಟೇ ಹರಿಯದ ಕೇಬಲ್‌ನಲ್ಲಿ ಕ್ಯಾಮೆರಾ ಏನು ತೋರಿಸೀತು?

ಕೆಪ್ಯಾಸಿಟೆನ್ಸ್ ಹೇಳುತ್ತದೆ. ಎಳೆಗೂ ಕವಚಕ್ಕೂ ನಡುವಿನ ಕೆಪ್ಯಾಸಿಟೆನ್ಸ್ ಕೇಬಲ್‌ನ ಉದ್ದಕ್ಕೆ ತಕ್ಕಂತೆ ಇರುತ್ತದೆ. ಎರಡೂ ತುದಿಗಳನ್ನು ಬಿಡಿಸಿ, ಕವಚವನ್ನೂ ಅರ್ಥಿಂಗ್‌ನಿಂದ ಬೇರ್ಪಡಿಸಿ, ಒಂದೊಂದೇ ತುದಿಯಿಂದ ಕವಚಕ್ಕೆ ಅಳೆದೆ. ಒಂದು ಕಡೆ 4.8 ನ್ಯಾನೋಫ್ಯಾರಡ್, ಇನ್ನೊಂದು ಕಡೆ 2.4ರ ಹತ್ತಿರ. ಒಟ್ಟು 7.2ರಲ್ಲಿ 2.4 ಅಂದರೆ ತುಂಡಾದದ್ದು ಎರಡನೆಯ ತುದಿಯಿಂದ ಮೂರನೇ ಒಂದು ಪಾಲಿನಷ್ಟು ದೂರದಲ್ಲಿ, ಸುಮಾರು 15 ಮೀಟರ್. ಲೀಡ್ ತಂತಿಯ ಪಾಲನ್ನು ಮೊದಲೇ ಕಳೆದಿದ್ದೆ. ಹಿಂದೆ ಕತ್ತರಿಸಿ ಉಳಿದಿದ್ದ ಲೀಡ್ ತುಂಡನ್ನು ಅಳೆದದ್ದರಿಂದ ಆ ಲೆಕ್ಕ ಸಿಕ್ಕಿತು. ಇನ್ಸುಲೇಶನ್ ಸರಿಯಿಲ್ಲದ ಕೇಬಲ್‌ನಲ್ಲಿ ಈ ಅಂಕಿ ನಂಬಬೇಡಿ, ಸೋರಿಕೆ ಮೀಟರನ್ನು ದಾರಿ ತಪ್ಪಿಸುತ್ತದೆ. ಮೆಗ್ಗರ್ ಬಳಸಿದ ತಕ್ಷಣ ಅಳೆಯಲೂ ಬೇಡಿ. ಕೇಬಲ್‌ನ ಚಾರ್ಜ್ ಇಳಿಸದಿದ್ದರೆ ಮೀಟರ್ ಹಾಳಾಗಬಹುದು.

15 ಮೀಟರ್ ಎಂದರೆ ನೆಲದಲ್ಲಿ ಎಲ್ಲಿ? ಇಲ್ಲಿ ನನ್ನ ಹಳೆಯ ಅಭ್ಯಾಸ ಕೈಹಿಡಿಯಿತು. ನೆಲ ಕೆಲಸ ಮಾಡುತ್ತಿದ್ದಾಗಲೇ ಥರ್ಮಲ್ ಚಿತ್ರ ತೆಗೆದಿಟ್ಟುಕೊಂಡಿದ್ದೆ, ಎಂಟು ಸೆಂಟಿಮೀಟರ್ ಅಂತರದ ಸಾಲುಗಳು ಅದರಲ್ಲಿ ಎಣಿಸುವಷ್ಟು ಸ್ಪಷ್ಟ. ಎಣಿಸುತ್ತಾ ಹೋದರೆ ಪ್ಲೈವುಡ್‌ನ ಎರಡು ಹಾಳೆಗಳು ಸೇರುವ ಗೆರೆಗೇ ಬಂದು ನಿಂತೆ. ಗಾಡಿ ತಿರುಚಿಕೊಂಡಾಗ ಅತಿ ಹೆಚ್ಚು ಅಲುಗಾಡುವ ಜಾಗ ಅದು. ಅರ್ಧ ಮೀಟರ್ ಆಚೀಚೆಯ ಆ ಅಂದಾಜನ್ನು ಒಂದೇ ಟೈಲ್‌ಗೆ ಇಳಿಸಿದ್ದು ಇನ್ನೊಂದು ಕೈಚಳಕ. ಅದನ್ನು ಇಲ್ಲಿ ಬರೆಯುವುದಿಲ್ಲ.

ಟೈಲ್‌ಗಳ ಸಂದಿನ ಗ್ರೌಟ್ ಕೊರೆದು ಟೈಲ್ ಎತ್ತಿದರೆ ಕಪ್ಪಾದ ತುದಿಗಳು ಎದುರಿಗೇ ಇದ್ದವು. ಬೆಸುಗೆಯ ಗೊಡವೆಗೆ ಹೋಗಲಿಲ್ಲ, ಹೀಟಿಂಗ್ ತಂತಿಯ ಮಿಶ್ರಲೋಹಕ್ಕೆ ಅದು ಸರಿಯಾಗಿ ಹಿಡಿಯುವುದಿಲ್ಲ. ತುದಿಗಳನ್ನು ಒತ್ತಿ ಜೋಡಿಸುವ ಕ್ರಿಂಪ್ ಸ್ಲೀವ್, ಅದರ ಮೇಲೆ ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ, ಅಂಟು ಇರುವ ಹೀಟ್-ಶ್ರಿಂಕ್ ಕೊಳವೆ, ಕವಚಕ್ಕೆ ಪ್ರತ್ಯೇಕ ಜೋಡಣೆ, ಕೊನೆಗೆ ಬಾಗುವ ಗುಣದ ಟೈಲ್ ಅಂಟು. ಅಂಟು ಒಣಗುವ ಮೊದಲೂ ನಂತರವೂ ಅಳೆದೆ. 107 ಓಮ್, ಇನ್ಸುಲೇಶನ್ 500 ಮೆಗಾಓಮ್‌ಗೂ ಮೇಲೆ. ಮೆಗ್ಗರ್ ಬಾಡಿಗೆ, ಮೀಟರ್, ರಿಪೇರಿ ಕಿಟ್ ಎಲ್ಲ ಸೇರಿಯೂ ಅಂದಾಜುಪಟ್ಟಿಯ ಇಪ್ಪತ್ತರಲ್ಲಿ ಒಂದು ಪಾಲು ಆಗಲಿಲ್ಲ. ವ್ಯರ್ಥವಾಗಿ ಕೊಂಡ ಥರ್ಮೋಸ್ಟ್ಯಾಟ್‌ಗೆ ಅದಕ್ಕಿಂತ ಹೆಚ್ಚು ಕೊಟ್ಟಿದ್ದೆ.

ಗಾಡಿಯ ಕೆಳಗೆ ಹೇಗೂ ಮಲಗಿದ್ದೆನಲ್ಲ, ಇನ್ನೊಂದು ಪ್ರಯೋಗವನ್ನೂ ಮುಗಿಸಿದೆ. ನೆಲದ ತಳಕ್ಕೆ 20 ಮಿಲಿಮೀಟರ್‌ನ ಎಕ್ಸ್‌ಪಿಎಸ್ (ಶಾಖ ತಡೆಯುವ ಗಟ್ಟಿ ಫೋಮ್) ಹಲಗೆ ಅಂಟಿಸಿದೆ. ಹಿಂದೆ ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಥರ್ಮೋಸ್ಟ್ಯಾಟ್ ಗಂಟೆಗೆ ನಲವತ್ತು ನಿಮಿಷದಷ್ಟು ಕೇಬಲ್ ಉರಿಸುತ್ತಿತ್ತು, ಈಗ ಅರ್ಧ ಗಂಟೆ ಸಾಕು. 12 ವೋಲ್ಟ್‌ನ 200 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿಯಿಂದ ಈ ನೆಲ 45 ಆಂಪಿಯರ್ ಎಳೆಯುತ್ತದೆ, ಹಾಗಾಗಿ ಆ ಹತ್ತು ನಿಮಿಷಕ್ಕೆ ಬೆಲೆಯಿದೆ. ಮೇಲೆ ದಪ್ಪ ರಗ್ಗು ಹಾಸಿ ನೋಡಿದ್ದು ಮಾತ್ರ ಫಲಿಸಲಿಲ್ಲ. ಅಡಿಯಲ್ಲಿ ಶಾಖ ಸಿಕ್ಕಿಬೀಳುತ್ತದೆ, ಸೆನ್ಸರ್ ಬೇಗ ಬಂದ್ ಮಾಡುತ್ತದೆ, ಕಾಲಿಗೆ ಏನೂ ತಲುಪುವುದಿಲ್ಲ.

ಸ್ನಾನದ ಕೋಣೆಯ ನೆಲದಡಿಯ ಹೀಟಿಂಗ್ ಮ್ಯಾಟ್ ಜೋಡಿ ಎಳೆಯದ್ದು. ಎಳೆಗಳು ಒಂದರ ಪಕ್ಕ ಒಂದು ಇರುವುದರಿಂದ ಅಲ್ಲಿ ಈ ನೇರ ಅನುಪಾತ ನಡೆಯುವುದಿಲ್ಲ. ಅದಿನ್ನೂ ಕೆಟ್ಟಿಲ್ಲ. ಆದರೂ ಅದರ ಎರಡೂ ಎಳೆಗಳ ಅಂಕಿಗಳನ್ನು ಈಗಲೇ ಬರೆದು ಥರ್ಮೋಸ್ಟ್ಯಾಟ್ ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿದ್ದೇನೆ.