ಏಳು ಮಾಸ್ಫೆಟ್ ಸುಟ್ಟ ಮೇಲೆ ಸಿಕ್ಕ ಸಮ್ಮರ್ ಇಂಟರ್ನ್‌ಶಿಪ್

ಮೂವತ್ತು ಚಿಲ್ಲರೆ ಪ್ರೊಫೆಸರುಗಳಿಗೆ ರೆಸ್ಯೂಮೆ ಕಳಿಸಿದ್ದೆ. ಒಬ್ಬರೂ ಉತ್ತರಿಸಲಿಲ್ಲ. ಆಮೇಲೆ ಒಂದೇ ಒಂದು ವೇವ್‌ಫಾರ್ಮ್ (ಆಸಿಲೋಸ್ಕೋಪಿನಲ್ಲಿ ಮೂಡುವ ಗೆರೆಗಳ ಚಿತ್ರ) ಕಳಿಸಿದೆ. ಮೂರನೇ ದಿನಕ್ಕೆ ಉತ್ತರ ಬಂತು.

ಅದು ನಾನೇ ಕಟ್ಟಿದ ಡಬಲ್ ಪಲ್ಸ್ ರಿಗ್‌ನದು. ಮಾಸ್ಫೆಟ್ ಅಂದರೆ ಕರೆಂಟನ್ನು ಬಲು ಬೇಗ ಆನ್-ಆಫ್ ಮಾಡುವ ಎಲೆಕ್ಟ್ರಾನಿಕ್ ಸ್ವಿಚ್. ಅದಕ್ಕೆ ಎರಡು ಚಿಕ್ಕ ಪಲ್ಸ್ ಕೊಟ್ಟು, ಆನ್-ಆಫ್ ಆಗುವಾಗ ಎಷ್ಟು ಶಕ್ತಿ ಪೋಲಾಗುತ್ತದೆ ಅಂತ ಅಳೆಯುವುದು ಈ ರಿಗ್. 1200 ವೋಲ್ಟಿನ ಸಿಲಿಕಾನ್ ಕಾರ್ಬೈಡ್ ಮಾಸ್ಫೆಟ್, 400 ವೋಲ್ಟ್ ಬಸ್ (ಸರ್ಕ್ಯೂಟಿನ ಮುಖ್ಯ ಸಪ್ಲೈ), ಸುಮಾರು 20 ಆಂಪಿಯರ್. "ಅದೆಲ್ಲ ನಿಮ್ಮ ಕೈಲಾಗಲ್ಲ, ಸುಮ್ನೆ ಸಿಮ್ಯುಲೇಶನ್ ಮಾಡಿ ಮುಗಿಸಿ" ಅಂದಿದ್ದರು ನಮ್ಮ ಗೈಡ್.

ಮೊದಲ ನಾಲ್ಕು ಮಾಸ್ಫೆಟ್ ಹೋದದ್ದು ಒಂದೇ ತಪ್ಪಿನಿಂದ. ಆಫ್ ಆದಾಗ ಗೇಟ್‌ಗೆ (ಸ್ವಿಚ್ಚನ್ನು ನಿಯಂತ್ರಿಸುವ ಕಾಲಿಗೆ) ಸೊನ್ನೆ ವೋಲ್ಟ್ ಕೊಡುತ್ತಿದ್ದೆ. ರಿಗ್‌ನಲ್ಲಿ ಒಂದರ ಮೇಲೊಂದು ಎರಡು ಮಾಸ್ಫೆಟ್ ಇರುತ್ತವೆ; ಕೆಳಗಿನದು ಆನ್ ಆದ ತಕ್ಷಣ ಮೇಲಿನದೂ ಅರೆಬರೆ ಆನ್ ಆಗಿ ಶಾರ್ಟ್. ಮೈನಸ್ 4 ವೋಲ್ಟ್ ಕೊಟ್ಟ ಮೇಲೆ ನಿಂತಿತು. ಇನ್ನೆರಡು ಹೋದದ್ದು ಪಲ್ಸ್ ಕೊಡುವ ಆರ್ಡುಯಿನೋ ಬೋರ್ಡ್ ರಿಸೆಟ್ ಆಗುವಾಗ ಪಲ್ಸ್ ಉದ್ದವಾಗಿ. ಗೇಟ್ ನಡೆಸುವ ಡ್ರೈವರ್ ಚಿಪ್ಪಿನ ಇನ್‌ಪುಟ್‌ಗೆ ಒಂದು ಪುಲ್‌ಡೌನ್ (ಸಿಗ್ನಲ್ ಇಲ್ಲದಾಗ ಸೊನ್ನೆಗೆ ಎಳೆದಿಡುವ ರೆಸಿಸ್ಟರ್) ಹಾಕಿದ್ದರೆ ಉಳಿಯುತ್ತಿದ್ದವು. ಏಳನೆಯದು, ಆಸಿಲೋಸ್ಕೋಪ್ ಪ್ರೋಬಿನ ಗ್ರೌಂಡ್ ವೈರನ್ನು ಮೇಲಿನ ಮಾಸ್ಫೆಟ್‌ನ ಸೋರ್ಸ್ ಕಾಲಿಗೆ ಸಿಕ್ಕಿಸಿದ್ದರಿಂದ. ಒಂದಕ್ಕೆ ಏಳುನೂರು ರೂಪಾಯಿ ಹತ್ತಿರ. ಐದು ಸಾವಿರ ಹೊಗೆಯಾಗಿ ಹೋಯಿತು. ಒಟ್ಟು ಖರ್ಚು ಹದಿನಾಲ್ಕು ಸಾವಿರ ಇರಬಹುದು. ಕೆಎಸ್‌ಸಿಎಸ್‌ಟಿ (ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ) ಹಣ ಕೊಡುವುದು ಕೊನೆ ವರ್ಷದ ಪ್ರಾಜೆಕ್ಟ್‌ಗಳಿಗೆ. ನಾನಾಗ ಮೂರನೇ ವರ್ಷ, ಹಾಗಾಗಿ ಎಲ್ಲ ಸ್ವಂತದ್ದು.

ಇಂಡಕ್ಟರ್ ಪಿವಿಸಿ ಪೈಪಿನ ಮೇಲೆ ನಾನೇ ಸುತ್ತಿದ್ದು, ಸುಮಾರು 100 ಮೈಕ್ರೋಹೆನ್ರಿ. ತಂತಿ ಬೆಂಗಳೂರಿನ ಎಸ್‌ಪಿ ರೋಡಿನದು. ಕರೆಂಟ್ ಅಳೆಯುವ ಕೋಯಾಕ್ಸಿಯಲ್ ಶಂಟ್ ದುಬಾರಿ, ಕೊಳ್ಳುವ ಮಾತೇ ಇರಲಿಲ್ಲ. ಅದರ ಬದಲು ಒಂದು ಓಮ್‌ನ ಹತ್ತು ಪುಟ್ಟ ಎಸ್‌ಎಂಡಿ ರೆಸಿಸ್ಟರ್ ಪ್ಯಾರಲಲ್ ಹಾಕಿದೆ. ಅವುಗಳನ್ನು ಹೇಗೆ ಜೋಡಿಸಿದೆ ಅನ್ನೋದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ರಿಂಗಿಂಗ್ (ಸ್ವಿಚ್ ಆದ ಮೇಲೂ ಗೆರೆ ತುಯ್ದಾಡುವುದು) ನೋಡಿ ಎರಡು ವಾರ ಬೋರ್ಡನ್ನು ಬೈದೆ. ಕೊನೆಗೆ ನೋಡಿದರೆ ಅರ್ಧ ರಿಂಗಿಂಗ್ ಪ್ರೋಬಿನ ಉದ್ದ ಗ್ರೌಂಡ್ ವೈರಿನದೇ! ಅದರ ಬದಲು ಗಿಡ್ಡ ಸ್ಪ್ರಿಂಗ್ ಟಿಪ್ ಹಾಕಿದೆ, ಗೆರೆ ಚೊಕ್ಕವಾಯಿತು. ಕೆಪಾಸಿಟರಿನಲ್ಲಿ ಉಳಿದ ಚಾರ್ಜ್ ಇಳಿಸುವ ಬ್ಲೀಡರ್ ರೆಸಿಸ್ಟರ್ ಇಲ್ಲದೆ ಮಾತ್ರ 400 ವೋಲ್ಟ್ ಹತ್ತಿರ ಹೋಗಬೇಡಿ.

ನಡುವೆ ಸುಮ್ನೆ ಇನ್ನೊಂದು ನೋಡಿದೆ. ಹಳೆಯ ಐಜಿಬಿಟಿಯನ್ನೂ (ಇನ್ನೊಂದು ಬಗೆಯ ಪವರ್ ಸ್ವಿಚ್) ಈ ಮಾಸ್ಫೆಟ್ಟನ್ನೂ ಹಾಟ್ ಪ್ಲೇಟ್ ಮೇಲೆ 100 ಡಿಗ್ರಿ ತನಕ ಕಾಯಿಸಿ ಅಳೆದೆ. ಐಜಿಬಿಟಿಯ ಟೇಲ್ ಕರೆಂಟ್ (ಆಫ್ ಮಾಡಿದ ಮೇಲೂ ಸ್ವಲ್ಪ ಹೊತ್ತು ಹರಿಯುವ ಕರೆಂಟ್) ಕಣ್ಣೆದುರೇ ಉದ್ದವಾಯಿತು. ಮಾಸ್ಫೆಟ್‌ನ ಲಾಸ್ (ಪೋಲಾಗುವ ಶಕ್ತಿ) ಹೆಚ್ಚೇನೂ ಕದಲಲಿಲ್ಲ. ಆ ಎರಡು ಗೆರೆಗಳನ್ನೇ ಒಂದರ ಮೇಲೊಂದು ಇಟ್ಟು ಕಳಿಸಿದ್ದು.

ಪ್ರೊಫೆಸರ್ ಕೇಳಿದ್ದು ಒಂದೇ ಪ್ರಶ್ನೆ: ವೋಲ್ಟೇಜ್ ಪ್ರೋಬಿಗೂ ಶಂಟಿಗೂ ನಡುವಿನ ಡಿಲೇ (ಎರಡೂ ಸಿಗ್ನಲ್ ಸ್ಕೋಪಿಗೆ ಮುಟ್ಟುವ ಸಮಯದ ವ್ಯತ್ಯಾಸ) ಹೇಗೆ ಸರಿಮಾಡಿದೆ? ನಾನು ಮಾಡಿಯೇ ಇರಲಿಲ್ಲ. ಹಾಗೆಯೇ ಬರೆದೆ. ಐದಾರು ನ್ಯಾನೋಸೆಕೆಂಡ್ ತಪ್ಪಿದರೂ ಲಾಸ್ ಲೆಕ್ಕ ಎಲ್ಲಿಗೋ ಹೋಗುತ್ತದೆ, ಅಲ್ವಾ. "ಬಂದು ಇಲ್ಲೇ ಮಾಡು" ಅಂದರು. ಎರಡು ತಿಂಗಳು ಅವರ ಲ್ಯಾಬಿನಲ್ಲಿ ನಾನು ಮಾಡಿದ ಮೊದಲ ಕೆಲಸ ಅದೇ.